ತಾತಿ ಸಿನಿಮಾದಲ್ಲಿ ನಗು ಬರುವುದು ಕಣ್ಣಿನಿಂದಲೋ ಕಿವಿಯಿಂದಲೋ?

ಬಾಲ್ಕನಿ ಟಿಕೆಟ್ · ಶನಿವಾರ ರಾತ್ರಿ 11:20

ಇವತ್ತು ಸಂಜೆ ಅಪ್ಪನ ಜೊತೆ ಕೂತು, ಜಾಕ್ ತಾತಿ ನಿರ್ದೇಶಿಸಿ ತಾನೇ ನಟಿಸಿದ ‘ಮೋನ್ ಓಂಕ್ಲ್’ ನೋಡಿದೆ. 1958ರ ಫ್ರೆಂಚ್ ಸಿನಿಮಾ. ಹೆಸರಿನ ಅರ್ಥ ‘ನನ್ನ ಅಂಕಲ್’. ಆದರೆ ಕಥೆಯಲ್ಲಿ ಅವನು ಹುಡುಗನ ತಾಯಿಯ ಒಡಹುಟ್ಟಿದವನು. ನಮ್ಮ ಲೆಕ್ಕದಲ್ಲಿ ಸೋದರಮಾವ. ಸೋದರಮಾವ ಅಂದ ಕೂಡಲೇ ಅರ್ಧ ಕಥೆ ಹೇಳಿದ ಹಾಗೇ ಆಯಿತು ಅಲ್ವಾ?

ಸಬ್‌ಟೈಟಲ್ ಬರಲಿಲ್ಲ. ರಿಮೋಟಿನಲ್ಲಿ ಏನೇನೋ ಒತ್ತಿದೆ, ಉಹುಂ. “ಬಿಡು, ಹಾಗೇ ನೋಡೋಣ” ಅಂದರು ಅಪ್ಪ. ಪೂರ್ತಿ ನೋಡಿದೆವು. ಇಬ್ಬರಿಗೂ ಫ್ರೆಂಚ್ ಬರುವುದಿಲ್ಲ. ಆದರೂ ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಾನು ಇಲ್ಲಿ ಬರೆಯುತ್ತಿರುವುದು ಅದಕ್ಕಲ್ಲ. ಅಮ್ಮನಿಗಾಗಿ. ಅವರು ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದರು. ಟಿವಿ ಅಲ್ಲಿಂದ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗಿದರು: “ಅದ್ಯಾರೋ ಅವಳು, ಟಕಟಕ ಟಕಟಕ ಅಂತ? ಒಂದು ಕಡೆ ಕೂರಬಾರದಾ?”

ಅವರು ಹೇಳಿದ್ದು ಮೇಡಂ ಆರ್ಪೆಲ್ ಬಗ್ಗೆ. ಹುಡುಗನ ತಾಯಿ. ಹೊಸ ಮಾದರಿಯ ದೊಡ್ಡ ಮನೆ, ಎಲ್ಲವೂ ಸ್ವಿಚ್ ಒತ್ತಿದರೆ ನಡೆಯುತ್ತದೆ. ಆಕೆ ಹೈಹೀಲ್ಸ್ ಹಾಕಿಕೊಂಡು ಇಡೀ ದಿನ ಮನೆಯನ್ನು ಒರೆಸುತ್ತಾ ಓಡಾಡುತ್ತಾಳೆ. ಮುಖ ನೋಡದೆ, ಒಂದು ಮಾತು ಅರ್ಥವಾಗದೆ, ಬರೀ ಚಪ್ಪಲಿ ಸದ್ದಿನಿಂದ ಅಮ್ಮ ಆಕೆಯ ಜಾತಕ ಬರೆದುಬಿಟ್ಟರು!

ಆಮೇಲೆ ನಾನು ಗಮನ ಕೊಟ್ಟು ಕೇಳಿದೆ. ಅಂಗಳದಲ್ಲಿ ಮೀನಿನ ಆಕಾರದ ಕಾರಂಜಿ ಇದೆ. ಗೇಟಿನ ಬೆಲ್ ಆದರೆ ಆಕೆ ಓಡಿಬಂದು ಸ್ವಿಚ್ ಹಾಕುತ್ತಾಳೆ, ಮೀನು ಗೊಳಗೊಳ ಅಂತ ನೀರು ಉಗುಳುತ್ತದೆ. ಬಂದವರು ದೊಡ್ಡ ಮನುಷ್ಯರಲ್ಲ ಅಂತ ಗೊತ್ತಾದರೆ ತಕ್ಷಣ ಆಫ್. ಆ ನೀರು ಗೊರಕ್ ಅಂತ ನಿಲ್ಲುವುದನ್ನು ಕೇಳಿಯೇ ಅಪ್ಪ ನಗುತ್ತಿದ್ದರು. ಅಡುಗೆಮನೆ ಸೀನಿನಲ್ಲಿ ಮಾವ ಒಂದು ಜಗ್ ಕೈಜಾರಿಸುತ್ತಾನೆ. ಅದು ಒಡೆಯುವುದಿಲ್ಲ, ಚೆಂಡಿನ ಹಾಗೆ ಪುಟಿಯುತ್ತದೆ. ಅವನಿಗೆ ಖುಷಿ. ಇನ್ನೊಂದು ಸಲ ಬೀಳಿಸುತ್ತಾನೆ, ಮತ್ತೆ ಪುಟಿಯುತ್ತದೆ. ಆಮೇಲೆ ಅದೇ ಧೈರ್ಯದಲ್ಲಿ ಒಂದು ಗಾಜಿನ ಲೋಟ ಬೀಳಿಸುತ್ತಾನೆ. ಮುಂದಿನದನ್ನು ಹೇಳಬೇಕಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಬೀಳುವುದು, ಎಡವುವುದು, ಗುದ್ದಿಕೊಳ್ಳುವುದು ಇವೆಲ್ಲ ಕಣ್ಣಿನ ತಮಾಷೆ ಅಂತ ಅಂದುಕೊಂಡಿದ್ದೆ. ತಾತಿ ಸಿನಿಮಾದಲ್ಲಿ ಅದು ಕಿವಿಯ ತಮಾಷೆಯಾ? ಬಲ್ಲವರು ಹೇಳಿ.

ಡಬ್ಬಿಂಗ್ ರೂಮು · ಭಾನುವಾರ ಬೆಳಿಗ್ಗೆ 7:05

ಬಾಲ್ಕನಿ ಅವರೇ, ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ನಮ್ಮ ಸ್ಟುಡಿಯೋದಲ್ಲಿ ಅಂಥವರೊಬ್ಬರು ಬೇಕು.

ನಾನು ಎಫೆಕ್ಟ್ಸ್ ಮಾಡುವವನು. ಫೋಲಿ ಅಂತಾರಲ್ಲ, ಅದೇ. ಪರದೆ ಮೇಲೆ ಹೀರೊ ನಡೆಯುತ್ತಾನೆ, ಮೈಕ್ ಮುಂದೆ ನಾನು ನಡೆಯುತ್ತೇನೆ. ಮರಳು, ಜಲ್ಲಿ, ಟೈಲ್ಸ್, ಹಲಗೆ ಎಲ್ಲ ಒಂದೊಂದು ಚೌಕದಲ್ಲಿ ಇಟ್ಟಿರುತ್ತೇವೆ. ನನ್ನ ಪೆಟ್ಟಿಗೆಯಲ್ಲಿ ಹನ್ನೊಂದು ಜೊತೆ ಚಪ್ಪಲಿ ಇವೆ, ಅದರಲ್ಲಿ ನಾಲ್ಕು ಹೆಂಗಸರದ್ದು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಇದನ್ನು ವಿವರಿಸುವಷ್ಟರಲ್ಲಿ ಸಾಕಾಯಿತು.

ವಿಷಯಕ್ಕೆ ಬರುತ್ತೇನೆ. ತಾತಿ ಸಿನಿಮಾಗಳ ಸೌಂಡ್ ಶೂಟಿಂಗ್ ಜಾಗದ್ದಲ್ಲ. ಮೊದಲು ಚಿತ್ರ ತೆಗೆಯುತ್ತಿದ್ದ, ಆಮೇಲೆ ಸ್ಟುಡಿಯೋದಲ್ಲಿ ಕೂತು ಒಂದೊಂದೇ ಸದ್ದನ್ನು ಹೊಸದಾಗಿ ಹೂಡುತ್ತಿದ್ದ. ಅದರಲ್ಲಿ ವಿಶೇಷ ಏನಿಲ್ಲ, ನಮ್ಮಲ್ಲೂ ಬಹಳ ವರ್ಷ ಹಾಗೇ ನಡೆಯಿತು. ಶೂಟಿಂಗ್‌ನಲ್ಲಿ ಹಿಡಿದ ಪೈಲಟ್ ಟ್ರ್ಯಾಕ್ ಕಸಕ್ಕೆ, ಡಬ್ಬಿಂಗ್‌ನಲ್ಲಿ ಎಲ್ಲ ಹೊಸದು. ವ್ಯತ್ಯಾಸ ಎಲ್ಲಿ ಅಂದರೆ, ನಾವು ಇದ್ದದ್ದನ್ನೆಲ್ಲ ತುಂಬುತ್ತೇವೆ. ಟ್ರಾಫಿಕ್, ಹಕ್ಕಿ, ಫ್ಯಾನು, ದೂರದ ನಾಯಿ. ತುಂಬದಿದ್ದರೆ ಡೈರೆಕ್ಟರ್ “ಯಾಕೋ ಖಾಲಿ ಖಾಲಿ” ಅಂತಾರೆ. ತಾತಿ ಉಲ್ಟಾ. ಎಲ್ಲವನ್ನೂ ತೆಗೆದುಹಾಕಿ ಎರಡೋ ಮೂರೋ ಸದ್ದು ಮಾತ್ರ ಇಡುತ್ತಾನೆ. ಇಟ್ಟದ್ದನ್ನು ಬೇಕಿದ್ದಕ್ಕಿಂತ ಒಂದು ಚೂರು ಜೋರಾಗಿ ಇಡುತ್ತಾನೆ.

1953ರ ‘ಮೆಸ್ಯೂ ಉಲೋನ ರಜಾದಿನಗಳು’ ನೋಡಿದ್ದೀರಾ? ಉಲೋ ಅಂದರೆ ತಾತಿಯೇ ಮಾಡುವ ಪಾತ್ರ, ನೀವು ನೋಡಿದ ಸೋದರಮಾವನೂ ಅವನೇ. ಸಮುದ್ರ ದಡದ ಹೋಟೆಲು. ಊಟದ ಹಾಲ್‌ಗೂ ಅಡುಗೆಮನೆಗೂ ನಡುವೆ ತೂಗುಬಾಗಿಲು. ವೇಟರ್ ಹೋದಾಗ ಬಂದಾಗ ಅದು ‘ಡ್ವಂಯ್’ ಅನ್ನುತ್ತದೆ. ದೊಡ್ಡ ತಂತಿವಾದ್ಯವನ್ನು ಒಂದು ಸಲ ಮೀಟಿದ ಹಾಗೆ. ಯಾವ ಬಾಗಿಲೂ ಹಾಗೆ ಸದ್ದು ಮಾಡುವುದಿಲ್ಲ! ಮೊದಲ ಸಲ ಕೇಳಿದಾಗ ಏನೋ ಅನಿಸುತ್ತದೆ. ಐದನೇ ಸಲಕ್ಕೆ ವೇಟರ್ ಬಾಗಿಲ ಹತ್ತಿರ ಹೋದರೇ ಸಾಕು, ನಿಮ್ಮ ತುಟಿ ಅರಳಿರುತ್ತದೆ. ಅಲ್ಲಿ ಯಾರೂ ಬಿದ್ದಿಲ್ಲ, ಎದ್ದಿಲ್ಲ. ಬಾಗಿಲೇ ಕಾಮಿಡಿಯನ್.

ನನ್ನ ಕೆಲಸದ ಮೊದಲ ಪಾಠವೇ ‘ನಿನ್ನ ಸದ್ದು ಯಾರಿಗೂ ಗೊತ್ತಾಗಬಾರದು’ ಅಂತ. ಆ ಬಾಗಿಲನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು.

ಕಡಲೆಕಾಯಿ · ಭಾನುವಾರ ಬೆಳಿಗ್ಗೆ 9:30

ಒಬ್ಬನಾದರೂ ನಿಜ ಹೇಳಬೇಕಲ್ಲ. ನಾನು ಅವನ ‘ಪ್ಲೇಟೈಮ್’ ನೋಡಲು ಕೂತು ನಿದ್ದೆ ಹೋದೆ. ಒಂದಲ್ಲ, ಎರಡು ಸಲ. ಗಾಜು, ಗಾಜು, ಮತ್ತೆ ಗಾಜು. ಬೂದು ಬಣ್ಣದ ಸೂಟು. ಕಥೆ ಇಲ್ಲ, ಹೀರೊನ ಮುಖ ಹತ್ತಿರದಿಂದ ಒಂದು ಸಲವೂ ಕಾಣುವುದಿಲ್ಲ. ಕಾಮಿಡಿ ಅಂತ ಹೇಳಿ ಕೂರಿಸಿದರು, ನನಗೆ ಆಫೀಸಿಗೆ ಹೋದ ಹಾಗಾಯಿತು.

ಸದ್ದು ಅದ್ಭುತ, ಮೌನ ಅದ್ಭುತ ಅಂತ ಹೇಳುವವರೆಲ್ಲ ಒಂದು ಸಲ ಎದೆ ಮುಟ್ಟಿಕೊಂಡು ಹೇಳಿ. ನಕ್ಕಿದ್ದೀರಾ? ಜೋರಾಗಿ?

ನಾಂತ್ ನಿವಾಸಿ · ಭಾನುವಾರ ಮಧ್ಯಾಹ್ನ 12:10

ಕಡಲೆಕಾಯಿ ಅವರೇ, ‘ಆಫೀಸಿಗೆ ಹೋದ ಹಾಗಾಯಿತು’ ಅಂದಿರಲ್ಲ, ಅದನ್ನು ತಾತಿ ಕೇಳಿದ್ದರೆ ನಿಮ್ಮನ್ನು ತಬ್ಬಿಕೊಳ್ಳುತ್ತಿದ್ದ.

ನಾನು ಪಶ್ಚಿಮ ಫ್ರಾನ್ಸಿನ ನಾಂತ್‌ನಲ್ಲಿ ಕೆಲಸದ ಮೇಲೆ ಇದ್ದೇನೆ, ಮೂಲ ಹಾಸನ. ‘ಉಲೋನ ರಜಾದಿನಗಳು’ ತೆಗೆದ ಸೇಂ-ಮಾರ್ಕ್-ಸ್ಯೂರ್-ಮೇರ್ ಇಲ್ಲಿಂದ ಸುಮಾರು ಒಂದು ಗಂಟೆ ದಾರಿ, ಸೇಂ-ನಜೇರ್ ಊರಿನ ಪಕ್ಕ. ಹೋದ ವರ್ಷ ಹೋಗಿದ್ದೆ. ಬೀಚಿನ ಮೇಲೆ ಉಲೋನ ಕಂಚಿನ ಪ್ರತಿಮೆ ಇದೆ. ಸ್ವಲ್ಪ ಮುಂದಕ್ಕೆ ಬಾಗಿ, ಸೊಂಟದ ಮೇಲೆ ಕೈಯಿಟ್ಟು ಸಮುದ್ರ ನೋಡುತ್ತಾ ನಿಂತಿದ್ದಾನೆ. ನಾವು ರಸ್ತೆಯಿಂದ ಬಂದರೆ ಕಾಣುವುದು ಬೆನ್ನು. ಅದೂ ಸರಿಯೇ. ಸಿನಿಮಾದಲ್ಲೂ ಅವನ ಮುಖಕ್ಕಿಂತ ಬೆನ್ನೇ ಜಾಸ್ತಿ ಮಾತಾಡುತ್ತದೆ.

ಅಂದಹಾಗೆ ಹೆಸರು ‘ಹುಲೋಟ್’ ಅಲ್ಲ, ‘ಉಲೋ’. ಅದರ ಮೊದಲಿನ ‘ಎಚ್’, ಕೊನೆಯ ‘ಟಿ’ ಎರಡನ್ನೂ ಫ್ರೆಂಚರು ಉಚ್ಚರಿಸುವುದಿಲ್ಲ. ಸಿನಿಮಾದಲ್ಲೇ ಅದರ ತಮಾಷೆ ಇದೆ. ಹೋಟೆಲ್ ಮಾಲೀಕ ಹೆಸರು ಕೇಳುತ್ತಾನೆ. ಉಲೋ ಬಾಯಲ್ಲಿ ಪೈಪ್ ಕಚ್ಚಿಕೊಂಡೇ ಏನೋ ಅನ್ನುತ್ತಾನೆ. ಅವನ ಎರಡು ಕೈಯಲ್ಲೂ ಸಾಮಾನು. ಕೊನೆಗೆ ಮಾಲೀಕನೇ ಕೈ ಚಾಚಿ ಅವನ ಬಾಯಿಂದ ಪೈಪ್ ತೆಗೆಯುತ್ತಾನೆ. ಆಗ ಹೆಸರು ಹೊರಗೆ ಬರುತ್ತದೆ.

ಭಾಷೆ ಬಾರದವರು ಏನೋ ಕಳೆದುಕೊಳ್ಳುತ್ತೇವೆ ಅಂತ ಹೆದರಬೇಡಿ. ಅದೇ ಸಿನಿಮಾದ ಶುರುವಿನಲ್ಲಿ ರೈಲ್ವೆ ಸ್ಟೇಷನ್ ಇದೆ. ಜನ ಮಕ್ಕಳುಮರಿ ಕಟ್ಟಿಕೊಂಡು ನಿಂತಿದ್ದಾರೆ. ಲೌಡ್‌ಸ್ಪೀಕರ್ ‘ವ್ರಾಕ್ ವ್ರಾಕ್ ಕ್ರಾಂ’ ಅನ್ನುತ್ತದೆ. ಎಲ್ಲರೂ ಬ್ಯಾಗು ಎತ್ತಿಕೊಂಡು ಸುರಂಗದಲ್ಲಿ ಇಳಿದು ಇನ್ನೊಂದು ಪ್ಲಾಟ್‌ಫಾರ್ಮಿಗೆ ಓಡುತ್ತಾರೆ. ರೈಲು ಬರುವುದು ಬೇರೆ ಪ್ಲಾಟ್‌ಫಾರ್ಮಿಗೆ. ಮತ್ತೆ ‘ವ್ರಾಕ್’, ಮತ್ತೆ ಓಟ. ನನ್ನ ಫ್ರೆಂಚ್ ಸಹೋದ್ಯೋಗಿಯನ್ನು ಕೂರಿಸಿಕೊಂಡು “ಏನು ಹೇಳುತ್ತಿದೆ ಅದು?” ಅಂತ ಕೇಳಿದೆ. “ನನಗೇನು ಗೊತ್ತು” ಅಂದ. ಅಲ್ಲಿ ಮಾತೇ ಇಲ್ಲ, ಮಾತಿನ ಆಕಾರದ ಗಲಾಟೆ ಮಾತ್ರ. ನಮ್ಮ ಬಸ್‌ಸ್ಟ್ಯಾಂಡುಗಳ ಅನೌನ್ಸ್‌ಮೆಂಟ್ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಮೇಷ್ಟ್ರು · ಭಾನುವಾರ ಮಧ್ಯಾಹ್ನ 2:45

ಒಳ್ಳೆಯ ಚರ್ಚೆ. ಊಟ ಮುಗಿಸಿ ಬಂದೆ.

ತಾತಿಗಿಂತ ಮೊದಲೇ ಈ ದಾರಿ ತುಳಿದವರು ಫ್ರೆಂಚ್ ನಿರ್ದೇಶಕ ರೆನೆ ಕ್ಲೇರ್. ಟಾಕಿ ಬಂದ ಹೊಸದರಲ್ಲಿ ಅವರಿಗೆ ಅದರ ಮೇಲೆ ಅನುಮಾನ ಇತ್ತು. ಎಲ್ಲರೂ ಮೈಕ್ ಮುಂದೆ ನಿಂತು ಮಾತಾಡಲು ಶುರು ಮಾಡಿದರೆ ಸಿನಿಮಾ ನಾಟಕವಾಗಿಬಿಡುತ್ತದೆ ಅಂತ. 1929ರಲ್ಲಿ ಲಂಡನ್ನಿನಲ್ಲಿ ಒಂದು ಅಮೆರಿಕನ್ ಟಾಕಿ ನೋಡಿದಾಗ ಒಂದು ದೃಶ್ಯ ಅವರಿಗೆ ಹಿಡಿಸಿತು. ಹುಡುಗಿ ಕಿಟಕಿಯಲ್ಲಿ ನಿಂತಿದ್ದಾಳೆ. ಹೊರಗೆ ಕಾರಿನ ಬಾಗಿಲು ಬಡಿದ ಸದ್ದು, ಕಾರು ಹೊರಟ ಸದ್ದು. ಕಾರನ್ನು ತೋರಿಸುವುದೇ ಇಲ್ಲ, ಅವಳ ಮುಖ ಮಾತ್ರ. ಕಣ್ಣಿಗೆ ಒಂದು, ಕಿವಿಗೆ ಇನ್ನೊಂದು. ಇದಾದರೆ ಸರಿ ಅಂದುಕೊಂಡರು.

1931ರಲ್ಲಿ ಅವರದೇ ಎರಡು ಸಿನಿಮಾ ಬಂದವು. ‘ಲ ಮಿಲಿಯೋಂ’ನಲ್ಲಿ ಲಾಟರಿ ಟಿಕೆಟ್ ಇರುವ ಒಂದು ಕೋಟನ್ನು ಹಿಡಿದು ನಾಟಕಶಾಲೆಯ ರಂಗದ ಹಿಂದೆ ಎಳೆದಾಟ. ಕೋಟು ಕೈಯಿಂದ ಕೈಗೆ ಹೋಗುತ್ತದೆ. ಅದರ ಮೇಲೆ ಕ್ಲೇರ್ ಹಾಕಿದ ಸದ್ದು ರಗ್ಬಿ ಆಟದ್ದು, ಸೀಟಿ ಮತ್ತು ಜನರ ಕೂಗಾಟ. ಸದ್ದು ಬಿದ್ದ ಕೂಡಲೇ ಜಗಳ ಆಟವಾಗಿಬಿಡುತ್ತದೆ. ಇನ್ನೊಂದು ‘ಆ ನೂ ಲಾ ಲಿಬೆರ್ತೆ’. ಅದರಲ್ಲಿ ಒಬ್ಬ ಬಡಪಾಯಿ ಪ್ರೇಮಿ ಕಿಟಕಿಯಿಂದ ಬರುವ ಹಾಡು ಕೇಳಿ ಮೈಮರೆಯುತ್ತಾನೆ. ಸ್ವಲ್ಪ ಹೊತ್ತಿಗೆ ಹಾಡು ‘ಊಊಊ’ ಅಂತ ಜಗ್ಗಿ ಇಳಿಯುತ್ತದೆ. ಹಾಡುತ್ತಿದ್ದದ್ದು ಗ್ರಾಮಫೋನು, ಕೀಲಿ ಮುಗಿದಿದೆ. ಪ್ರೇಮದ ಗಾಳಿ ತೆಗೆಯಲು ಬೀಳುವುದೂ ಬೇಡ, ಒದೆಯೂ ಬೇಡ. ಒಂದು ಸದ್ದು ಸಾಕು.

ಇದೇ ಸಿನಿಮಾದ ಫ್ಯಾಕ್ಟರಿ ದೃಶ್ಯಗಳನ್ನು ಚಾಪ್ಲಿನ್ 1936ರ ‘ಮಾಡರ್ನ್ ಟೈಮ್ಸ್’ಗೆ ಎತ್ತಿಕೊಂಡರು ಅಂತ ನಿರ್ಮಾಣ ಸಂಸ್ಥೆ ಕೇಸು ಹಾಕಿತು. ಆದರೆ ಕ್ಲೇರ್ ಅದರ ಜೊತೆ ನಿಲ್ಲಲಿಲ್ಲ. ತಾವೇ ಚಾಪ್ಲಿನ್‌ಗೆ ಋಣಿ ಅಂದರು. ಇಂಥ ದೊಡ್ಡತನ ಈಗ ಎಲ್ಲಿ ಸಿಗುತ್ತದೆ, ಬಿಡಿ.

ಡಬ್ಬಿಂಗ್ ರೂಮು · ಭಾನುವಾರ ಮಧ್ಯಾಹ್ನ 3:20

ಮೇಷ್ಟ್ರೇ, ಆ ರಗ್ಬಿ ಸಂಗತಿ ನನಗೆ ಗೊತ್ತಿರಲಿಲ್ಲ. ತಾತಿ ಕೂಡ ರಗ್ಬಿ ಆಡುತ್ತಿದ್ದವನು. ಸಿನಿಮಾಕ್ಕೆ ಬರುವ ಮೊದಲು ಮ್ಯೂಸಿಕ್ ಹಾಲ್ ಅನ್ನುವ ಮನರಂಜನೆಯ ರಂಗಮಂದಿರಗಳಲ್ಲಿ ಆಟಗಾರರ ಮೂಕಾಭಿನಯ ಮಾಡಿಯೇ ಹೆಸರು ಗಳಿಸಿದ್ದು. ಗೋಲ್‌ಕೀಪರ್, ಟೆನಿಸ್ ಆಟಗಾರ, ಕುದುರೆ ಮತ್ತು ಸವಾರ ಎರಡೂ ತಾನೇ. ಅಂದರೆ ಮೈಯಲ್ಲಿ ಎಲ್ಲ ಕಸುಬೂ ಇತ್ತು. ಬೀಳಲು ಬಾರದವನಾಗಿ ಸದ್ದಿನ ಹಿಂದೆ ಅಡಗಿಕೊಂಡವನಲ್ಲ.

ಮೈ ಮತ್ತು ಸದ್ದು ಹೇಗೆ ಕೂಡುತ್ತವೆ ಅನ್ನುವುದಕ್ಕೆ ಅವನ ಮೊದಲ ದೊಡ್ಡ ಸಿನಿಮಾ ‘ಜೂರ್ ದ ಫೆತ್’ ನೋಡಿ, 1949ರದು. ಹಳ್ಳಿಯ ಪೋಸ್ಟ್‌ಮ್ಯಾನ್ ಸೈಕಲ್ ಮೇಲೆ ದೂರದ ರಸ್ತೆಯಲ್ಲಿ ಹೋಗುತ್ತಿದ್ದಾನೆ. ನಮ್ಮ ಹತ್ತಿರ, ಮೇಲುಗಡೆ ಗದ್ದೆಯಲ್ಲಿ ಒಬ್ಬ ರೈತ. ಪೋಸ್ಟ್‌ಮ್ಯಾನ್ ಇದ್ದಕ್ಕಿದ್ದಂತೆ ಕೈ ಬೀಸಲು ಶುರು ಮಾಡುತ್ತಾನೆ, ಹುಚ್ಚನ ಹಾಗೆ. ಹುಳದ ‘ಗುಂಯ್’ ಸದ್ದು ಕೇಳುತ್ತದೆ. ಸದ್ದು ಜೋರಾಗುತ್ತದೆ, ಪೋಸ್ಟ್‌ಮ್ಯಾನ್ ಸುಮ್ಮನಾಗುತ್ತಾನೆ, ಈಗ ರೈತ ಕೈ ಬೀಸುತ್ತಾನೆ. ಸದ್ದು ಸಣ್ಣಗಾಗುತ್ತದೆ, ಮತ್ತೆ ಕೆಳಗೆ ಪೋಸ್ಟ್‌ಮ್ಯಾನ್ ಕುಣಿತ. ಹುಳ ಕಾಣುವುದೇ ಇಲ್ಲ! ಅದು ಎಲ್ಲಿದೆ ಅಂತ ಹೇಳುವುದು ವಾಲ್ಯೂಮ್ ಒಂದೇ. ಅಷ್ಟು ದೂರದಲ್ಲಿ ಇರುವೆಯಷ್ಟು ಕಾಣುವ ಮನುಷ್ಯನ ಕಡೆ ನಮ್ಮ ಕಣ್ಣು ಹೋಗುವುದೂ ಅದರಿಂದಲೇ.

ಬೇರೆ ಡೈರೆಕ್ಟರುಗಳು ಕ್ಲೋಸಪ್ ಹಾಕಿ “ಇಲ್ಲಿ ನೋಡು” ಅಂತಾರೆ. ಇವನು ಕ್ಯಾಮೆರಾವನ್ನು ದೂರ ನಿಲ್ಲಿಸಿ, ಸದ್ದಿನಿಂದ ನಮ್ಮ ಕಿವಿ ಹಿಂಡಿ ತಲೆ ತಿರುಗಿಸುತ್ತಾನೆ. ಬಾಲ್ಕನಿ ಅವರ ಪ್ರಶ್ನೆಗೆ ನನ್ನ ಉತ್ತರ ಇದು. ನಗು ಬರುವುದು ಕಣ್ಣಿನಿಂದಲೇ. ಆದರೆ ಕಣ್ಣಿಗೆ ದಾರಿ ತೋರಿಸುವುದು ಕಿವಿ.

ಗಾಂಧಿನಗರ ಗಿರಾಕಿ · ಭಾನುವಾರ ಸಂಜೆ 4:05

ಸದ್ದಿನ ಕಾಮಿಡಿ ಅಂದಾಗ ನಮ್ಮ ‘ಪುಷ್ಪಕ ವಿಮಾನ’ ಯಾರೂ ನೆನೆಯಲಿಲ್ಲವಲ್ಲ. 1987, ಸಿಂಗೀತಂ ಶ್ರೀನಿವಾಸರಾವ್. ಬೆಂಗಳೂರಿನಲ್ಲೇ ತೆಗೆದದ್ದು. ಒಂದು ಸಂಭಾಷಣೆಯೂ ಇಲ್ಲ. ಕಮಲ್ ಇರುವ ಹಳೇ ವಠಾರದಂಥ ಲಾಡ್ಜ್ ಪಕ್ಕ ಟಾಕೀಸು, ರಾತ್ರಿಯೆಲ್ಲ ಫೈಟಿಂಗ್ ಸದ್ದು. ದೊಡ್ಡ ಹೋಟೆಲ್ ಸೇರಿದ ಮೇಲೆ ಮೆತ್ತನೆ ಹಾಸಿಗೆ, ಪಿನ್ ಡ್ರಾಪ್ ನಿಶ್ಶಬ್ದ, ನಿದ್ದೆ ಬರುವುದಿಲ್ಲ. ಕೊನೆಗೆ ಹಳೇ ಜಾಗದ ಗಲಾಟೆಯನ್ನು ಟೇಪ್ ಮಾಡಿಕೊಂಡು ಬಂದು, ಹಚ್ಚಿಟ್ಟು ಮಲಗುತ್ತಾನೆ. ತಾತಿ ನೋಡಿದ್ದರೆ ಅವನಿಗೇ ಹೊಟ್ಟೆ ಉರಿಯುತ್ತಿತ್ತು. ಆದರೆ ಅವನು 1982ರಲ್ಲೇ ಹೋದ.

ಕಡಲೆಕಾಯಿ · ಭಾನುವಾರ ಸಂಜೆ 4:40

ಹಾ, ವಠಾರ ಅಂದ್ರಿ. ನನಗೆ ತಾತಿ ಮೇಲಿರುವ ನಿಜವಾದ ಸಿಟ್ಟು ಅಲ್ಲೇ ಇದೆ.

‘ಮೋನ್ ಓಂಕ್ಲ್’ ನಾನೂ ನೋಡಿದ್ದೇನೆ. ಉಲೋ ಇರುವುದು ಹಳೇ ಬಡಾವಣೆಯ ಸೊಟ್ಟ ಮಹಡಿ ಮನೆಯಲ್ಲಿ. ಅವನು ಮೆಟ್ಟಿಲು ಹತ್ತಿ ಮೇಲೆ ಹೋಗುವುದನ್ನು ಹೊರಗಿನಿಂದಲೇ ತೋರಿಸುತ್ತಾರೆ. ಒಂದು ಕಿಟಕಿಯಲ್ಲಿ ಕಾಲು, ಇನ್ನೊಂದರಲ್ಲಿ ತಲೆ, ಹತ್ತಿ ಇಳಿದು ಸುತ್ತಿ. ಮೇಲೆ ಹೋಗಿ ಕಿಟಕಿ ಬಾಗಿಲು ಸ್ವಲ್ಪ ತಿರುಗಿಸಿದರೆ ಬಿಸಿಲು ಹೊಳೆದು ಎದುರು ಮನೆಯ ಪಂಜರದ ಹಕ್ಕಿ ಹಾಡುತ್ತದೆ. ಆಹಾ. ಹೊಸ ಮನೆಯವರದ್ದು ಮಾತ್ರ ಬರೀ ಮೋಟಾರು ಸದ್ದು. ಹಳೇದೆಲ್ಲ ಸಂಗೀತ, ಹೊಸದೆಲ್ಲ ಗದ್ದಲ. ಇದೇ ತಾನೇ ಲೆಕ್ಕ?

ನಾನು ಹನ್ನೆರಡು ವರ್ಷ ವಠಾರದಲ್ಲಿ ಬೆಳೆದವನು. ಎಂಟು ಮನೆಗೆ ಒಂದು ನಲ್ಲಿ, ಬೆಳಿಗ್ಗೆ ಐದಕ್ಕೆ ಕೊಡಗಳ ಯುದ್ಧ. ಅದರ ಸದ್ದು ಯಾರಿಗಾದರೂ ಬೇಕಾ? ನಮ್ಮಮ್ಮ ಫ್ಲ್ಯಾಟಿಗೆ ಬಂದ ದಿನ ಬಚ್ಚಲ ನಲ್ಲಿ ತಿರುಗಿಸಿ ಸುಮ್ನೆ ನೀರು ಬರುವುದನ್ನು ನೋಡುತ್ತಾ ನಿಂತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನಲ್ಲೂ ಮನೆಗಳಿಗೆ ಬರ ಇತ್ತು. ಎಷ್ಟೋ ಹಳೇ ಮನೆಗಳಲ್ಲಿ ಸ್ನಾನಕ್ಕೆ ಕೋಣೆಯೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಹೊಸ ಮನೆ ಕಟ್ಟಿಕೊಂಡವರನ್ನು ಆಡಿಕೊಳ್ಳುವುದು ಹೊಟ್ಟೆ ತುಂಬಿದವರ ತಮಾಷೆ.

ನಾಂತ್ ನಿವಾಸಿ · ಭಾನುವಾರ ಸಂಜೆ 6:15

ಇದಕ್ಕೆ ಸುಲಭದ ಉತ್ತರ ಇಲ್ಲ. ಆ ಸಿನಿಮಾ ಬಂದ ಕಾಲಕ್ಕೆ ಫ್ರಾನ್ಸಿನಲ್ಲೂ ಹೀಗೆ ಹೇಳಿದವರು ಇದ್ದರು. ಆದರೂ ಎರಡು ಮಾತು.

ಒಂದು, ಆರ್ಪೆಲ್ ದಂಪತಿ ಕೆಟ್ಟವರಲ್ಲ. ಮಗನನ್ನು ಹೇಗೆ ನಗಿಸಬೇಕು ಅಂತ ಅಪ್ಪನಿಗೆ ಗೊತ್ತಿಲ್ಲ, ಅಷ್ಟೇ. ಬೀದಿ ಹುಡುಗರ ಆಟ ನೆನಪಿದೆಯಾ? ಗುಡ್ಡದ ಮೇಲೆ ಅಡಗಿ ಕೂತು, ಹೋಗುವವರಿಗೆ ಶಿಳ್ಳೆ ಹೊಡೆಯುತ್ತಾರೆ. ಅವರು ಯಾರಪ್ಪಾ ಅಂತ ತಿರುಗಿ ನೋಡುತ್ತಾ ನಡೆದು ದೀಪದ ಕಂಬಕ್ಕೆ ಢಣ್ ಅಂತ ಗುದ್ದುತ್ತಾರೆ. ಎಷ್ಟನೇ ಸಲಕ್ಕೆ ಗುದ್ದುತ್ತಾರೆ ಅಂತ ಹುಡುಗರ ನಡುವೆ ಬಾಜಿ. ಸಿನಿಮಾ ಕೊನೆಯಲ್ಲಿ ಮಾವನನ್ನು ಊರು ಬಿಡಿಸಿ ಏರ್‌ಪೋರ್ಟಿಗೆ ಕಳಿಸುತ್ತಾರೆ. ಅಪ್ಪ ಅವನನ್ನು ಕರೆಯಲು ಒಂದು ಶಿಳ್ಳೆ ಹಾಕುತ್ತಾನೆ. ಯಾರೋ ದಾರಿಹೋಕ ತಿರುಗಿ ನೋಡುತ್ತಾ ಹೋಗಿ ಕಂಬಕ್ಕೆ ಢಣ್. ಅಪ್ಪ ಗಾಬರಿಯಾಗಿ ಮಗನನ್ನು ಎಳೆದುಕೊಂಡು ಅಡಗುತ್ತಾನೆ. ಹುಡುಗ ಮೊದಲ ಸಲ ಅಪ್ಪನ ಕೈ ಹಿಡಿಯುತ್ತಾನೆ. ಇಡೀ ಸಿನಿಮಾದಲ್ಲಿ ಅಪ್ಪಮಗನಿಗೆ ಸಿಕ್ಕ ಒಂದೇ ಒಂದು ಭಾಷೆ ಆ ಶಿಳ್ಳೆ.

ಎರಡು, 1967ರ ‘ಪ್ಲೇಟೈಮ್’ ಹೊತ್ತಿಗೆ ಈ ‘ಹಳೇದು ಚೆಂದ’ ಅನ್ನುವುದೂ ಇಲ್ಲ. ಅಲ್ಲಿ ಹಳೇ ಪ್ಯಾರಿಸ್ಸೇ ಇಲ್ಲ. ಐಫೆಲ್ ಟವರ್ ಕಾಣುವುದು ಗಾಜಿನ ಬಾಗಿಲಲ್ಲಿ ಪ್ರತಿಬಿಂಬವಾಗಿ, ಒಂದು ಕ್ಷಣ. ಹೊಸ ಊರಿನೊಳಗೇ ಜನ ಹೇಗೆ ಮಜಾ ಹುಡುಕಿಕೊಳ್ಳುತ್ತಾರೆ ಅನ್ನುವುದೇ ಕಥೆ. ಅದಕ್ಕಾಗಿ ಅವನು ಪ್ಯಾರಿಸ್ ಅಂಚಿನಲ್ಲಿ, ವೆನ್ಸೆನ್ ಹತ್ತಿರ ಒಂದು ಊರನ್ನೇ ಕಟ್ಟಿಸಿದ. ‘ತಾತಿವಿಲ್’ ಅಂತ ಜನ ಕರೆದರು. ರಸ್ತೆ, ಸಿಗ್ನಲ್, ಅದಕ್ಕೇ ಬೇರೆ ಕರೆಂಟಿನ ವ್ಯವಸ್ಥೆ. ಕೆಲವು ಕಟ್ಟಡಗಳು ಹಳಿ ಮೇಲೆ, ಬೇಕಾದಂತೆ ಸರಿಸಬಹುದಿತ್ತು. ಹಿಂದೆ ದೂರದಲ್ಲಿ ನಿಂತ ಎಷ್ಟೋ ಜನ ಮನುಷ್ಯರಲ್ಲ, ಕತ್ತರಿಸಿ ನಿಲ್ಲಿಸಿದ ಫೋಟೊಗಳು. 1964ರಲ್ಲಿ ಶುರುವಾದ ಕೆಲಸ ಮೂರು ವರ್ಷ ಎಳೆಯಿತು. ಗಾಳಿಮಳೆಗೆ ಸೆಟ್ ಹಾಳಾಯಿತು, ದುಡ್ಡು ಮುಗಿಯಿತು. ಮನೆ ಹೋಯಿತು, ಹಳೇ ಸಿನಿಮಾಗಳ ಹಕ್ಕೂ ಹೋಯಿತು. ಸೆಟ್ಟನ್ನು ಉಳಿಸಿ ಹೊಸ ಹುಡುಗರಿಗೆ ಸಿನಿಮಾ ಮಾಡಲು ಕೊಡಬೇಕು ಅಂತ ಆಸೆ ಇತ್ತು, ಅದನ್ನೂ ಕೆಡವಿದರು. ಗಾಜಿನ ಮನೆ ಮೇಲೆ ದ್ವೇಷ ಇದ್ದವನು ಅದಕ್ಕೋಸ್ಕರ ಮನೆ ಮಾರಿಕೊಳ್ಳುತ್ತಾನಾ?

ಕಿವಿಮಾತು · ಭಾನುವಾರ ರಾತ್ರಿ 8:00

ನಾನು ಇಲ್ಲಿ ಬರೆಯುವುದು ಕಡಿಮೆ. ಓದಿ ಸುಮ್ಮನೆ ಹೋಗುವವಳು. ಈ ವಿಷಯದಲ್ಲಿ ನನಗೊಂದು ಹಕ್ಕಿದೆ ಅನಿಸಿತು.

ಐದು ವರ್ಷದಿಂದ ಕಿವಿಗೆ ಮಷಿನ್ ಹಾಕಿದ್ದೇನೆ. ಹಾಕಿದ ಮೊದಲ ವಾರ ಮನೆಯವರೆಲ್ಲ ಸೇರಿ ಹೋಟೆಲಿಗೆ ಹೋದೆವು. ಎದುರಿಗೆ ಕೂತ ಮಗಳು ಮಾತಾಡುತ್ತಿದ್ದಾಳೆ, ಬಾಯಿ ಆಡುವುದು ಕಾಣುತ್ತದೆ. ನನಗೆ ಕೇಳಿಸಿದ್ದು ಮೂರು ಟೇಬಲ್ ಆಚೆ ಸ್ಪೂನು ತಟ್ಟೆಗೆ ತಾಗಿದ್ದು. ಯಾರೋ ಕುರ್ಚಿ ಎಳೆದದ್ದು. ನನ್ನದೇ ಸೀರೆ ಸರಸರ. ಮಾತು ಹಿಂದೆ ಹೋಗಿ ಸಾಮಾನುಗಳೆಲ್ಲ ಮುಂದೆ ಬಂದಿದ್ದವು. ಅಳು ಬಂತು.

ಆಮೇಲೆ ಯಾವಾಗಲೋ ‘ಪ್ಲೇಟೈಮ್’ ನೋಡಿದೆ. ಕಡಲೆಕಾಯಿ ಅವರೇ, ನೀವು ನಿದ್ದೆ ಮಾಡಿದ ಸಿನಿಮಾ. ಅದರ ವೇಟಿಂಗ್ ರೂಮಿನಲ್ಲಿ ಕಪ್ಪು ಕುರ್ಚಿಗಳಿವೆ. ಕೂತರೆ ‘ಪುಸ್ಸ್’, ಎದ್ದರೆ ಕುಳಿ ಬಿದ್ದ ಸೀಟು ‘ಪೊಕ್’ ಅಂತ ಮೇಲೆ ಬರುತ್ತದೆ. ಉಲೋ ಅದನ್ನು ಒತ್ತಿ ನೋಡುತ್ತಾನೆ, ಕೂತು ನೋಡುತ್ತಾನೆ. ಪಕ್ಕದಲ್ಲಿ ಇನ್ನೊಬ್ಬ ಬಂದು ಕೂರುತ್ತಾನೆ, ಸೂಟು ಹಾಕಿದ ಯಂತ್ರದಂಥ ಮನುಷ್ಯ. ಪ್ಯಾಂಟು ಝಾಡಿಸುತ್ತಾನೆ, ಬ್ಯಾಗಿನ ಜಿಪ್ ಎಳೆಯುತ್ತಾನೆ, ಸಹಿ ಹಾಕುತ್ತಾನೆ. ಒಂದೊಂದು ಸದ್ದೂ ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ನಾನು ಒಬ್ಬಳೇ ಕೂತು ನಕ್ಕೆ. ನನ್ನ ಮಷಿನ್ನಿನಲ್ಲಿ ಪ್ರಪಂಚ ಹೇಗೆ ಕೇಳುತ್ತದೋ ಹಾಗೇ ಇತ್ತು. ಅಂದರೆ ಒಬ್ಬ ಮನುಷ್ಯ ಇದನ್ನು ಬೇಕೆಂದೇ, ಕಷ್ಟಪಟ್ಟು, ಹೀಗೆ ಜೋಡಿಸಿದ್ದಾನೆ! ನನಗೆ ಪುಕ್ಕಟೆ ಸಿಕ್ಕಿದೆ.

ಅದಾದ ಮೇಲೆ ಹೋಟೆಲಿನಲ್ಲಿ ಅಷ್ಟು ಸಂಕಟವಾಗುವುದಿಲ್ಲ. ಸ್ಪೂನು ಜೋರಾದರೆ ‘ಓ, ಶುರುವಾಯಿತು’ ಅಂದುಕೊಳ್ಳುತ್ತೇನೆ. ಮಾತು ಮಾತ್ರ ಈಗಲೂ ಸರಿಯಾಗಿ ಕೇಳುವುದಿಲ್ಲ. ಅದು ಬೇರೆ ವಿಷಯ.

ಗಾಂಧಿನಗರ ಗಿರಾಕಿ · ಭಾನುವಾರ ರಾತ್ರಿ 8:20

ಅಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಡಬ್ಬಿಂಗ್ ರೂಮು · ಭಾನುವಾರ ರಾತ್ರಿ 8:45

ಕಿವಿಮಾತು ಅವರೇ, ಇಷ್ಟು ವರ್ಷ ಮೈಕ್ ಹಿಡಿದ ನನಗೆ ಹೊಳೆಯದ್ದು ನೀವು ಹೇಳಿದಿರಿ. ಮೈಕ್ ಕೂಡ ಹಾಗೆಯೇ. ಕಿವಿ ಆರಿಸಿಕೊಳ್ಳುತ್ತದೆ, ಮೈಕ್ ಆರಿಸುವುದಿಲ್ಲ, ಎಲ್ಲವನ್ನೂ ನುಂಗುತ್ತದೆ. ಆಮೇಲೆ ಮಿಕ್ಸಿಂಗ್‌ನಲ್ಲಿ ಕೂತು ನಾವು ಕಿವಿಯ ಕೆಲಸ ಮಾಡುತ್ತೇವೆ, ಮಾತನ್ನು ಮೇಲೆ ಎತ್ತಿ ಉಳಿದದ್ದನ್ನು ತಗ್ಗಿಸುತ್ತೇವೆ. ತಾತಿ ಮಾತನ್ನು ಕೆಳಗೆ ಒತ್ತಿ ಕುರ್ಚಿಯನ್ನು ಎತ್ತಿದ.

ಅದೇ ಸಿನಿಮಾದಲ್ಲಿ ಇದರ ತದ್ವಿರುದ್ಧ ಆಟವೂ ಇದೆ. ವಸ್ತುಪ್ರದರ್ಶನದಲ್ಲಿ ಸದ್ದೇ ಮಾಡದ ಬಾಗಿಲು ಮಾರುವ ಕಂಪನಿಯ ಮಳಿಗೆ. ಅದರ ಯಜಮಾನ ಉಲೋನನ್ನು ಬೇರೆ ಯಾರೋ ಅಂದುಕೊಂಡು ಕೆಂಡಾಮಂಡಲ ಆಗುತ್ತಾನೆ, ಕೂಗಾಡುತ್ತಾನೆ, ಕೊನೆಗೆ ಎಲ್ಲ ಶಕ್ತಿ ಹಾಕಿ ಬಾಗಿಲು ಬಡಿಯುತ್ತಾನೆ. ಸದ್ದೇ ಇಲ್ಲ. ಅವನದೇ ಮಾಲು! ಸಿಟ್ಟು ತೋರಿಸಲು ಇರುವ ಒಂದು ಸದ್ದನ್ನೂ ಕಿತ್ತುಕೊಂಡರೆ ಮನುಷ್ಯ ಏನು ಮಾಡಬೇಕು ಹೇಳಿ. ಇನ್ನೊಂದು ಕಡೆ ಉಲೋ ಹಳೇ ಗೆಳೆಯನ ಮನೆಗೆ ಹೋಗುತ್ತಾನೆ. ಮನೆಯ ಗೋಡೆ ಪೂರ್ತಿ ಗಾಜು. ಕ್ಯಾಮೆರಾ ಒಳಗೆ ಹೋಗುವುದೇ ಇಲ್ಲ. ಅವರು ಏನೇನೋ ಮಾತಾಡುತ್ತಾರೆ, ನಮಗೆ ಕೇಳುವುದು ರಸ್ತೆಯ ವಾಹನಗಳು ಮಾತ್ರ.

ಕಡಲೆಕಾಯಿ ಅವರಿಗೆ ಒಂದು ಸವಾಲು. ಪೂರ್ತಿ ಬೇಡ. ಉದ್ದ ಕಾರಿಡಾರ್ ಸೀನು ಒಂದೇ ನೋಡಿ. ಕಾರಿಡಾರ್‌ನ ಆ ತುದಿಯಿಂದ ಒಬ್ಬ ಆಫೀಸರ್ ನಡೆದು ಬರುತ್ತಾನೆ. ಉಲೋ ಏಳಲು ಹೋದರೆ ಮುದಿ ವಾಚ್‌ಮ್ಯಾನ್ ‘ಇನ್ನೂ ಇಲ್ಲ, ಕೂರು’ ಅಂತ ಸನ್ನೆ ಮಾಡುತ್ತಾನೆ. ಮೊದಲು ಸೌಂಡ್ ಮ್ಯೂಟ್ ಮಾಡಿ ನೋಡಿ, ಆಮೇಲೆ ಸೌಂಡ್ ಹಾಕಿ. ಒಳ್ಳೆ ಹೆಡ್‌ಫೋನ್ ಇರಲಿ. ಅದನ್ನು 70 ಎಂಎಂ ಪರದೆಗೆ, ಸ್ಟೀರಿಯೊಗೆ ಅಂತಲೇ ಮಾಡಿದ್ದು. ಫೋನಿನ ಸ್ಪೀಕರ್‌ನಲ್ಲಿ ಕೇಳಿ ನಿದ್ದೆ ಬಂತು ಅಂದರೆ ತಪ್ಪು ಫೋನಿನದ್ದು.

ಕಡಲೆಕಾಯಿ · ಭಾನುವಾರ ರಾತ್ರಿ 10:10

ಫೋನಲ್ಲೇ ನೋಡಿದ್ದೆ. ಒಪ್ಪಿಕೊಳ್ಳುತ್ತೇನೆ.

ಈಗ ಹೆಡ್‌ಫೋನ್ ಹಾಕಿಕೊಂಡು ನೋಡಿದೆ. ಮ್ಯೂಟ್‌ನಲ್ಲಿ ಒಬ್ಬ ಮನುಷ್ಯ ನಡೆದು ಬಂದ, ಅಷ್ಟೇ. ಸೌಂಡ್ ಹಾಕಿದಾಗ ಬೇರೆ. ಬೂಟಿನ ಟಕ್ ಟಕ್ ಶುರುವಾಗುತ್ತದೆ, ಇನ್ನೇನು ಬಂದ ಅನಿಸುತ್ತದೆ, ಬರುವುದಿಲ್ಲ. ಟಕ್ ಟಕ್. ಉಲೋ ಎದ್ದ, ಕೂತ. ಟಕ್ ಟಕ್. ನನ್ನ ಮೊದಲ ಇಂಟರ್‌ವ್ಯೂ ನೆನಪಾಯಿತು. ಮೂರು ಗಂಟೆ ಕಾಯಿಸಿದ್ದರು. ಹೊರಗೆ ಯಾರದ್ದಾದರೂ ಬೂಟಿನ ಸದ್ದಾದರೆ ನಾನು ಎದ್ದು ಟೈ ಸರಿ ಮಾಡಿಕೊಂಡು ನಿಲ್ಲುತ್ತಿದ್ದೆ. ಪ್ಯೂನ್ ಅದನ್ನು ನೋಡಿ ನಗುತ್ತಿದ್ದ.

ಹಾಗಾಗಿ ನಕ್ಕೆ. ಜೋರಾಗಿ ಅಲ್ಲ.

ಅದೇ ಜೋಶಿನಲ್ಲಿ ಕೊನೆಯ ರೆಸ್ಟೋರೆಂಟ್ ಭಾಗವನ್ನೂ ನೋಡಿದೆ. ಉದ್ಘಾಟನೆಯ ರಾತ್ರಿಯೇ ಎಲ್ಲ ಕಿತ್ತುಹೋಗುತ್ತದೆ. ನೆಲದ ಟೈಲ್ ಶೂಗೆ ಅಂಟಿಕೊಂಡು ಬರುತ್ತದೆ. ಕುರ್ಚಿ ಬೆನ್ನಿನ ಕಿರೀಟದ ಗುರುತು ಕೂತವರ ಬೆನ್ನ ಮೇಲೆಲ್ಲ ಅಚ್ಚು. ಗಾಜಿನ ಬಾಗಿಲು ಒಡೆದು ಪುಡಿಯಾದ ಮೇಲೂ ಬಾಗಿಲು ಕಾಯುವವನು ಬರೀ ಹಿಡಿಯನ್ನು ಕೈಯಲ್ಲಿ ಹಿಡಿದು, ಬಂದವರಿಗೆಲ್ಲ ಇಲ್ಲದ ಬಾಗಿಲು ತೆಗೆದು ಮುಚ್ಚುತ್ತಾನೆ. ಇದು ಭೇಷ್. ಇದಕ್ಕೆ ಜೋರಾಗಿಯೇ ನಕ್ಕೆ. ಆದರೆ ಇದು ಕಣ್ಣಿನ ತಮಾಷೆ, ಡಬ್ಬಿಂಗ್ ಅವರೇ. ನಿಮ್ಮ ಖಾತೆಗೆ ಹಾಕಿಕೊಳ್ಳಬೇಡಿ.

ಮೊದಲ ಒಂದು ಗಂಟೆ ಈಗಲೂ ಉದ್ದವೇ. ವಠಾರದ ಮಾತೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮೇಷ್ಟ್ರು · ಭಾನುವಾರ ರಾತ್ರಿ 10:30

ತೆಗೆದುಕೊಳ್ಳಬೇಡಿ. ಇನ್ನೊಂದು ವಿಷಯ ಹೇಳಿ ಮಲಗುತ್ತೇನೆ. ತಾತಿಯ ಕೈಕೆಳಗೆ ‘ಮೋನ್ ಓಂಕ್ಲ್’ಗೆ ದುಡಿದ ಹುಡುಗ ಪಿಯೇರ್ ಎತೆಕ್ಸ್. ಆಮೇಲೆ ತಾನೇ ಸಿನಿಮಾ ಮಾಡಿದರು. ಅವರ ಜೊತೆ ಬರೆದವರು ಜಾನ್-ಕ್ಲೋದ್ ಕಾರಿಯೇರ್. ಉಲೋ ಸಿನಿಮಾಗಳನ್ನು ಕಾದಂಬರಿಯಾಗಿ ಬರೆದವರೂ ಇವರೇ. ಪೀಟರ್ ಬ್ರೂಕ್ ರಂಗಕ್ಕೆ ತಂದ ‘ಮಹಾಭಾರತ’ ಇದೆಯಲ್ಲ, 1985ರದು, ಅದರ ನಾಟಕ ಬರೆದವರೂ ಇದೇ ಕಾರಿಯೇರ್. ಉಲೋನ ಪೈಪಿನಿಂದ ಭೀಷ್ಮನ ಶರಶಯ್ಯೆವರೆಗೆ.

ಬಾಲ್ಕನಿ ಟಿಕೆಟ್ · ಸೋಮವಾರ ರಾತ್ರಿ 9:15

ಎಲ್ಲರಿಗೂ ಥ್ಯಾಂಕ್ಸ್. ಕಿವಿಮಾತು ಅವರ ಪೋಸ್ಟನ್ನು ಅಪ್ಪನಿಗೆ ಓದಿ ಹೇಳಿದೆ. ಅವರಿಗೂ ಕಿವಿ ಸ್ವಲ್ಪ ಮಂದ, ಮಷಿನ್ ಬೇಡ ಅಂತ ಎರಡು ವರ್ಷದಿಂದ ಹಟ. “ಸ್ಪೂನು ಅಷ್ಟು ಚೆನ್ನಾಗಿ ಕೇಳುತ್ತದಂತಾ?” ಅಂತ ಕೇಳಿದರು. ನೋಡೋಣ.

ಇವತ್ತು ಸಂಜೆ ‘ಉಲೋನ ರಜಾದಿನಗಳು’ ಹಾಕಿದೆ. ಅಮ್ಮನೂ ಬಂದು ಕೂತರು. ಆ ತೂಗುಬಾಗಿಲ ಸದ್ದಿಗೆ ಅವರು ನಗಲಿಲ್ಲ, “ಎಣ್ಣೆ ಬಿಡಬಾರದಾ” ಅಂದರು. ಐಸ್‌ಕ್ರೀಮ್ ಹಿಡಿದ ಪುಟ್ಟ ಹುಡುಗ ಎರಡೂ ಕೈಯಲ್ಲಿ ಒಂದೊಂದು ಕೋನ್ ಇಟ್ಟುಕೊಂಡು ಬಾಗಿಲ ಹಿಡಿ ತಿರುಗಿಸುತ್ತಾನಲ್ಲ, ಕೋನ್ ವಾಲಿ ಇನ್ನೇನು ಬಿತ್ತು ಅನ್ನುವಷ್ಟರಲ್ಲಿ, ಅಲ್ಲಿ “ಅಯ್ಯೋ ಅಯ್ಯೋ” ಅಂತ ಎದ್ದೇ ನಿಂತರು. ಬೀಳಲಿಲ್ಲ.

ಅಷ್ಟರಲ್ಲಿ ನಮ್ಮ ಮನೆಯ ಬೆಲ್ ಆಯಿತು. ಅಮ್ಮ ನೈಟಿ ಮೇಲೆ ಟವೆಲ್ ಹಾಕಿಕೊಂಡು, ರಿಮೋಟ್ ಎತ್ತಿ ಹಾಲ್‌ನ ಎಸಿ ಹಾಕಿದರು. ಪೀಂಪ್. ಬಾಗಿಲು ತೆಗೆದರೆ ಕೆಳಗಿನ ಮನೆಯ ಚಿಕ್ಕಪ್ಪ, ಪೇಪರ್ ವಾಪಸ್ ಕೊಡಲು ಬಂದಿದ್ದರು.

ಪೀಂಪ್.

ಅಪ್ಪ ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ. ಚಿಕ್ಕಪ್ಪನಿಗೆ ಇವರಿಬ್ಬರೂ ಯಾಕೆ ಹೀಗೆ ನಗುತ್ತಿದ್ದಾರೆ ಅಂತ ಇನ್ನೂ ಗೊತ್ತಾಗಿಲ್ಲ.